ತಂಗಿಯ ಪಾಲಿಗೆ ಸೊನ್ನೆ

ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಹಾಸಿಗೆ ಅಂಗಡಿಯ ಅಣ್ಣತಮ್ಮಂದಿರ ತಂಗಿ ನನ್ನ ಮೆಟ್ಟಿಲು ಹತ್ತಿ ಬಂದಳು. ಕೈಯಲ್ಲಿ ದಬ್ಬಣ ಹಾಗೇ ಇತ್ತು, ದಬ್ಬಣದ ಹಿಂದೆ ಮೊಳದುದ್ದ ದಾರ ನೇತಾಡುತ್ತಿತ್ತು. ಹೊಲಿಗೆಯ ನಡುವೆಯೇ ಎದ್ದು ಓಡಿ ಬಂದಿದ್ದಳು.

"ನಾನು ಇಲ್ವಂತೆ ಕಣೆ," ಎಂದಳು.

"ಎಲ್ಲಿ?"

"ಎಲ್ಲೂ ಇಲ್ವಂತೆ. ಹಡಗು ಕಂಪನಿಯೋರು ಫೋನ್ ಮಾಡಿದ್ರು. ನಂಗೆ ಎರಡು ಸಲ ಮೇಲ್ ಕಳಿಸಿದ್ದಾರೆ, ಎರಡು ಸಲಾನೂ ವಾಪಸ್ ಹೋಗಿದೆ. 'ಈ ವಿಳಾಸದಲ್ಲಿ ಅಂಥವರು ಯಾರೂ ಇಲ್ಲ' ಅಂತ ಬರ್ತಿದೆಯಂತೆ. ಹದಿನಾಲ್ಕು ವರ್ಷದಿಂದ ಅದೇ ಸ್ಟೂಲ್ ಮೇಲೆ ಕೂತು ಅಂಚು ಹೊಲೀತಿದ್ದೀನಿ. ನಾನು ಇಲ್ವಂತೆ!"

ಹಡಗಿನ ವಿಷಯ ಗೊತ್ತಿದ್ದದ್ದು ನನಗೊಬ್ಬಳಿಗೇ. ಎಂಟುನೂರು ಹಾಸಿಗೆಗಳಿರುವ ಪ್ರಯಾಣಿಕರ ಹಡಗು. ಸಮುದ್ರ ತೂಗಿದಾಗಲೆಲ್ಲ ಹಾಸಿಗೆಗಳು ಮಂಚದ ಕಟ್ಟಿಗೆ ಉಜ್ಜಿ ಉಜ್ಜಿ ಅಂಚು ಬಿಡುತ್ತವೆ. ಅವನ್ನು ಹೊಲಿಯುತ್ತ ಹೋಗುವುದಕ್ಕೆ ಒಬ್ಬರು ಬೇಕಿತ್ತು. ಒಂದು ತುದಿಯಿಂದ ಹೊಲಿಯುತ್ತ ಇನ್ನೊಂದು ತುದಿ ಮುಟ್ಟುವ ಹೊತ್ತಿಗೆ ಮೊದಲನೆಯದು ಮತ್ತೆ ಬಿಟ್ಟಿರುತ್ತದೆ, ಆದ್ದರಿಂದ ಕೆಲಸ ಕಾಯಂ. ತಂಗಿ ಹೋದ ತಿಂಗಳು ಅರ್ಜಿಯ ಜೊತೆ ಒಂದು ಮೊಳ ಮಾದರಿ ಹೊಲಿಗೆ ಸೇರಿಸಿ ಅಂಚೆಯಲ್ಲಿ ಕಳಿಸಿದ್ದಳು. ಅರ್ಜಿಯ ಮೇಲೆ ಅಂಗಡಿಯ ಹೆಸರಿನ ಮೇಲ್ ವಿಳಾಸ ಬರೆದಿದ್ದಳು. ಅವಳಿಗಿದ್ದದ್ದು ಅದೊಂದೇ.

"ಈಗೇನಂತೆ?"

"ಹನ್ನೊಂದು ಗಂಟೆಗೆ ಕೊನೇ ಸಲ ಕಳಿಸ್ತಾರಂತೆ. ಹನ್ನೆರಡರೊಳಗೆ ಅದೇ ವಿಳಾಸದಿಂದ ಉತ್ತರ ಹೋಗ್ಬೇಕು. ಇಲ್ಲಾಂದ್ರೆ ಪಟ್ಟಿಯಲ್ಲಿ ನನ್ನ ಹಿಂದೆ ಇರೋ ಒಬ್ಬ ಪರದೆ ಹೊಲಿಯೋನಿಗೆ ಕೆಲಸ. ಪರದೆ ಹೊಲಿಯೋನು ಹಾಸಿಗೆ ಹೊಲೀತಾನಾ? ನೀನೇ ಹೇಳು."

"ಬೇರೆ ವಿಳಾಸ ಕೊಡೋಕಾಗಲ್ವಾ?"

"ಕೇಳ್ದೆ. ಈಗ್ಲೇ ವಿಳಾಸ ಬದಲಾಯಿಸೋರು ಆಮೇಲೆ ಹಡಗು ಬದಲಾಯಿಸಲ್ಲ ಅಂತ ಏನು ಗ್ಯಾರಂಟಿ ಅಂದ್ರು."

ನನ್ನ ಕೆಲಸ ಹೆಸರುಗಳದ್ದು. ಒಂದು ಅಂಗಡಿ ಇಂಟರ್ನೆಟ್ಟಿನಲ್ಲಿ ಹೆಸರು ಕೊಂಡುಕೊಂಡರೆ ಆ ಹೆಸರಿನ ಕೆಳಗೆ ಒಂದಷ್ಟು ಸಾಲುಗಳಿರುತ್ತವೆ. ವೆಬ್‌ಸೈಟು ಯಾವ ಕಂಪ್ಯೂಟರಿನಲ್ಲಿದೆ ಎಂದು ಒಂದು ಸಾಲು ಹೇಳುತ್ತದೆ, ಮೇಲ್ ಯಾವ ಕಂಪ್ಯೂಟರಿಗೆ ಹೋಗಬೇಕು ಎಂದು ಇನ್ನೊಂದು. ಈ ಬೀದಿಯ ನಲವತ್ತಮೂರು ಅಂಗಡಿಗಳ ಸಾಲುಗಳು ನನ್ನ ಕೈಯಲ್ಲಿವೆ. ವೆಬ್‌ಸೈಟು ಮಾಡುವವಳು ನಾನಲ್ಲ, ಮೇಲ್ ಓದುವವಳೂ ನಾನಲ್ಲ. ತಿರುವಿನಲ್ಲಿ ನಿಂತು 'ಆ ಕಡೆ' ಎಂದು ಬೆರಳು ತೋರಿಸುವವಳು. ಬೆರಳು ತಪ್ಪಿದರೆ ಮಾತ್ರ ಜನಕ್ಕೆ ನನ್ನ ನೆನಪಾಗುತ್ತದೆ.

ಹಾಸಿಗೆ ಅಂಗಡಿಯ ಸಾಲುಗಳಷ್ಟು ಬೇರೆ ಯಾವುದೂ ನನ್ನನ್ನು ಗೋಳು ಹೊಯ್ದುಕೊಂಡಿಲ್ಲ. ಅಂಗಡಿ ಕಟ್ಟಿದ ತಂದೆ 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಗಾದೆ ನಮ್ಮ ವ್ಯಾಪಾರಕ್ಕೆ ಶತ್ರು ಎಂದು ನಂಬಿದ್ದವರು. ಉದ್ದ ಕಾಲಿನವರು ಬೀದಿಯಲ್ಲಿ ಕಂಡರೆ ಕರೆದು ಒಳಗೆ ಕೂರಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳಿಗೆ ಜಗಳ ಹತ್ತಿತು. ಹಾಸಿಗೆ ಗಟ್ಟಿಯಾಗಿರಬೇಕು ಎಂದು ದೊಡ್ಡವನು, ಮೆತ್ತಗಿರಬೇಕು ಎಂದು ಚಿಕ್ಕವನು. ಬೀದಿಯವರು ಅವರನ್ನು ಗಟ್ಟಿಯಣ್ಣ, ಮೆತ್ತಣ್ಣ ಎಂದು ಕರೆಯಲು ಶುರು ಮಾಡಿದರು. ಮೂರು ತಿಂಗಳ ಹಿಂದೆ ಅಂಗಡಿ ಪಾಲಾಯಿತು. ನಡುವೆ ಗೋಡೆ ಕಟ್ಟಿಸುವ ಬದಲು ಮಾರಾಟವಾಗದ ಹಾಸಿಗೆಗಳನ್ನು ಸೂರಿನವರೆಗೆ ಒಟ್ಟಿದರು. ಆ ಗೋಡೆಯ ತುದಿಯಲ್ಲಿ, ಸರಿಯಾಗಿ ಗಡಿಯ ಮೇಲೆ, ತಂಗಿಯ ಸ್ಟೂಲು. ಎಡಗಡೆಯ ಅಂಚನ್ನೂ ಬಲಗಡೆಯ ಅಂಚನ್ನೂ ಅವಳೇ ಹೊಲಿಯಬೇಕು. ಅಣ್ಣಂದಿರು ಒಬ್ಬರಿಗೊಬ್ಬರು ಹೇಳಬೇಕಾದದ್ದನ್ನು ಅವಳೇ ದಾಟಿಸಬೇಕು.

ಎಲ್ಲವೂ ಎರಡಾಯಿತು, ಇಂಟರ್ನೆಟ್ಟಿನ ಹೆಸರೊಂದನ್ನು ಬಿಟ್ಟು. ಅದು ತಂದೆ ಇಟ್ಟ ಹೆಸರು. ಇಬ್ಬರಿಗೂ ಬೇಕು.

ವೆಬ್‌ಸೈಟನ್ನು ದಿನ ಬಿಟ್ಟು ದಿನ ಹಂಚಿಕೊಂಡರು. ಬೆಸ ತಾರೀಕು ದೊಡ್ಡವನದು, ಸಮ ತಾರೀಕು ಚಿಕ್ಕವನದು. ದಿನಾ ಬೆಳಿಗ್ಗೆ ನಾನು ಸಾಲು ತಿರುಗಿಸುತ್ತಿದ್ದೆ. ಸೋಮವಾರ ಅದೇ ಹೆಸರನ್ನು ಟೈಪ್ ಮಾಡಿದವರಿಗೆ 'ಮೆತ್ತನೆ ಹಾಸಿಗೆ ಬೆನ್ನುಮೂಳೆಯ ವೈರಿ' ಎಂದು ಕಂಡರೆ, ಮಂಗಳವಾರ 'ಹಲಗೆಯ ಮೇಲೆ ಮಲಗಲು ನೀವೇನು ಅಪರಾಧ ಮಾಡಿದ್ದೀರಿ?' ಎಂದು ಕಾಣುತ್ತಿತ್ತು. ಮೂವತ್ತೊಂದನೇ ತಾರೀಕಿನ ಮರುದಿನ ಒಂದನೇ ತಾರೀಕು ಬಂದು ದೊಡ್ಡವನಿಗೆ ಸಾಲಾಗಿ ಎರಡು ದಿನ ಸಿಕ್ಕಾಗ, ಕ್ಯಾಲೆಂಡರ್ ಮಾಡಿದವರನ್ನು ಅಣ್ಣ ಕೊಂಡುಕೊಂಡಿದ್ದಾನೆ ಎಂದು ಚಿಕ್ಕವನು ನನ್ನ ಹತ್ತಿರ ದೂರು ಕೊಟ್ಟ.

ಮೇಲ್ ವಿಷಯ ಇದಕ್ಕಿಂತ ಕೆಟ್ಟಿತು. ತಂದೆಯ ಕಾಲದ ಮೇಲ್ ಬಿಟ್ಟು ಇಬ್ಬರೂ ಬೇರೆ ಬೇರೆ ಕಡೆ ಮೇಲ್ ಬಾಡಿಗೆಗೆ ಹಿಡಿದರು. ಒಂದೇ ಹೆಸರಿಗೆ ಎರಡು ಮೇಲ್ ಸಾಲು ಹಾಕಬಹುದು. ಪ್ರತಿ ಸಾಲಿಗೂ ಒಂದು ಸಂಖ್ಯೆ ಕೊಡಬೇಕು. ಯಾರ ಸಂಖ್ಯೆ ಚಿಕ್ಕದೋ ಅವರ ಬಾಗಿಲನ್ನು ಮೇಲ್ ಮೊದಲು ತಟ್ಟುತ್ತದೆ, ಅಲ್ಲಿ ಯಾರೂ ತೆಗೆಯದಿದ್ದರೆ ಮಾತ್ರ ಇನ್ನೊಬ್ಬರ ಬಾಗಿಲಿಗೆ. ಹಿರಿಯನೆಂದು ನಾನು ದೊಡ್ಡವನಿಗೆ ಹತ್ತು ಹಾಕಿದೆ, ಚಿಕ್ಕವನಿಗೆ ಇಪ್ಪತ್ತು.

ಅರ್ಧ ಗಂಟೆಯಲ್ಲಿ ದೊಡ್ಡವನು ಮೆಟ್ಟಿಲ ಮೇಲಿದ್ದ.

"ಏನಮ್ಮಾ ಇದು? ಅವನಿಗೆ ಇಪ್ಪತ್ತು, ನಂಗೆ ಹತ್ತಾ? ಮೀಸೆ ಮೊದಲು ಬಂದಿದ್ದು ಯಾರಿಗೆ?"

"ಸಣ್ಣ ಸಂಖ್ಯೆಯೇ ಮೊದಲು ಸರ್. ಹತ್ತು ಅಂದ್ರೆ ಮೇಲ್ ಎಲ್ಲ ನಿಮಗೇ ಬರುತ್ತೆ."

"ಯಾವ ಲೋಕದಲ್ಲಮ್ಮಾ ಹತ್ತು ಇಪ್ಪತ್ತಕ್ಕಿಂತ ಮುಂದೆ? ನಾನು ಹಾಸಿಗೆ ಮಾರೋನು ನಿಜ. ತಲೆಯೊಳಗೆ ಹತ್ತಿ ತುಂಬ್ಕೊಂಡಿಲ್ಲ. ಮೂವತ್ತು ಹಾಕು."

ನನ್ನ ಕಚೇರಿಯ ನಿಯಮ ಹೀಗಿದೆ: ತನ್ನ ಸಾಲನ್ನು ಬದಲಾಯಿಸಬೇಕಾದವರು ಹಳದಿ ಚೀಟಿಯ ಮೇಲೆ ಬರೆದು ಸಹಿ ಹಾಕಿದರೆ ಸಾಕು. ಹೊಸ ಸಾಲು ಸೇರಿಸಬೇಕಾದರೆ ಮಾತ್ರ ಹೆಸರಿನ ಒಡೆಯರೆಲ್ಲರ ಸಹಿ ಬೇಕು. ದೊಡ್ಡವನು ಸಹಿ ಹಾಕಿದ. ನಾನು ಮೂವತ್ತು ಹಾಕಿದೆ. ಆ ಕ್ಷಣದಿಂದ ಅಂಗಡಿಯ ಮೇಲ್ ಎಲ್ಲ ಚಿಕ್ಕವನಿಗೆ ಹೋಗತೊಡಗಿತು.

ಮರುದಿನ ಚಿಕ್ಕವನು ಬಂದ.

"ಅವನದು ಮೂವತ್ತಂತೆ. ನಂದು ಐವತ್ತು ಮಾಡಿ ಮೇಡಂ."

"ನಿಮಗೆ ಮೇಲ್ ಚೆನ್ನಾಗಿ ಬರ್ತಿದೆಯಲ್ಲ?"

"ಮೇಲ್ ಬರ್ತಿದೆ. ಮರ್ಯಾದೆ ಬರ್ತಿಲ್ಲ."

ಐವತ್ತಾಯಿತು. ಅವನ ಮೇಲ್ ನಿಂತಿತು. ಮೇಲ್ ನಿಂತದ್ದಕ್ಕೆ ಅವನು ಕಂಡುಕೊಂಡ ಕಾರಣ, ಐವತ್ತು ಸಾಲದು. ಅತ್ತ ದೊಡ್ಡವನಿಗೆ ಮೇಲ್ ಬಂದರೂ ತಮ್ಮನ ಐವತ್ತು ಕಣ್ಣು ಚುಚ್ಚಿತು. ನೂರಾಯಿತು, ಸಾವಿರವಾಯಿತು, ಐದು ಸಾವಿರವಾಯಿತು. ಉರಿಯದ ಒಲೆಗೆ ನೀರು ಸುರಿದು, ಇನ್ನೂ ಉರಿಯಲಿಲ್ಲವೆಂದು ಮತ್ತೊಂದು ಕೊಡ ಸುರಿಯುವವರ ಹಾಗೆ. ಪ್ರತಿ ಸಲವೂ ನಾನು ಸಣ್ಣದೇ ಮೊದಲು ಎಂದು ಹೇಳಿದೆ. ಪ್ರತಿ ಸಲವೂ ನಾನು ಇನ್ನೊಬ್ಬನ ಕಡೆಯವಳಾದೆ. ಇವರು ಇಷ್ಟು ಸಲ ಬರುತ್ತಾರೆಂದು, ಜಗತ್ತಿನ ಕಂಪ್ಯೂಟರುಗಳು ಈ ಸಾಲುಗಳನ್ನು ಐದು ನಿಮಿಷಕ್ಕಿಂತ ಹೆಚ್ಚು ನೆನಪಿಟ್ಟುಕೊಳ್ಳಬಾರದು ಎಂದು ಬರೆದಿಟ್ಟೆ.

ಕೊನೆಗೆ ಇಬ್ಬರೂ ಅರವತ್ತೈದು ಸಾವಿರದ ಐನೂರ ಮೂವತ್ತೈದಕ್ಕೆ ಬಂದು ನಿಂತರು. ಅದಕ್ಕಿಂತ ದೊಡ್ಡ ಸಂಖ್ಯೆಗೆ ಆ ಸಾಲಿನಲ್ಲಿ ಜಾಗವೇ ಇಲ್ಲ. ಸಂಖ್ಯೆ ಸಮವಾದರೆ ಮೇಲ್ ಮನಸ್ಸು ಬಂದ ಕಡೆ ಹೋಗುತ್ತದೆ. ಗಟ್ಟಿ ಕೇಳಿದವರ ಮೇಲ್ ಮೆತ್ತಣ್ಣನಿಗೆ, ಮೆತ್ತಗೆ ಕೇಳಿದವರ ಮೇಲ್ ಗಟ್ಟಿಯಣ್ಣನಿಗೆ. ಇಬ್ಬರಿಗೂ ತೃಪ್ತಿಯಾಯಿತು.

ಇದೆಲ್ಲದರ ನಡುವೆ ತಂಗಿಗೊಂದು ಮೇಲ್ ಡಬ್ಬಿ ಮಾಡಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಅವಳು ತಮ್ಮನ ಕಡೆ ಇರುತ್ತಾಳೆಂದು ದೊಡ್ಡವನು, ಅಣ್ಣನ ಕಡೆ ಇರುತ್ತಾಳೆಂದು ಚಿಕ್ಕವನು. ನನಗೂ ಹೊಳೆಯಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ನನ್ನ ಪರದೆಯ ಮೇಲೆ ಎರಡೇ ಸಾಲಿದ್ದವು.

"ಮೂರು ತಿಂಗಳು ಒಂದು ಮೇಲೂ ಬರಲಿಲ್ಲ, ನಿಂಗೆ ಅನುಮಾನ ಬರ್ಲಿಲ್ವಾ?" ಎಂದು ಕೇಳಿದೆ.

"ನಂಗೆ ಯಾರು ಬರೀತಾರೆ?" ಎಂದಳು ತಂಗಿ. ಬೇಸರವಿರಲಿಲ್ಲ ಆ ಮಾತಿನಲ್ಲಿ, ಸುಮ್ಮನೆ ವಿಷಯ ತಿಳಿಸುವ ಹಾಗಿತ್ತು.

ಗಂಟೆ ಹತ್ತಾಗಿತ್ತು. ಅಣ್ಣಂದಿರ ಕಡೆ ಹೊಸ ಡಬ್ಬಿ ತೆರೆಸಿ ಪ್ರಯೋಜನವಿರಲಿಲ್ಲ. ಅವರಿಗೆ ಮೇಲ್ ಬಾಡಿಗೆ ಕೊಟ್ಟ ಕಂಪನಿಗಳಿಗೆ ಅರ್ಜಿ ಕೊಟ್ಟು ಎರಡು ದಿನ ಕಾಯಬೇಕು. ಉಳಿದದ್ದು ಒಂದೇ ದಾರಿ. ನನ್ನ ಕಂಪ್ಯೂಟರಿನಲ್ಲೇ ಅವಳಿಗೊಂದು ಡಬ್ಬಿ ಮಾಡಿ, ಮೂರನೇ ಸಾಲು ಸೇರಿಸಿ, ಎಲ್ಲರಿಗಿಂತ ಸಣ್ಣ ಸಂಖ್ಯೆ ಕೊಡುವುದು. ಡಬ್ಬಿ ಮಾಡುವುದು ಹತ್ತು ನಿಮಿಷದ ಕೆಲಸ. ಸಾಲಿಗೆ ಇಬ್ಬರು ಅಣ್ಣಂದಿರ ಸಹಿ ಬೇಕು.

"ಎಷ್ಟು ಹಾಕ್ತೀಯ ನಂಗೆ?"

"ಸೊನ್ನೆ."

"ಸದ್ಯ," ಎಂದಳು ತಂಗಿ. "ಜಗಳ ಆಗಲ್ಲ."

ಹಳದಿ ಚೀಟಿ ಹಿಡಿದು ಅಂಗಡಿಗೆ ಹೋದಾಗ ಹತ್ತೂ ಇಪ್ಪತ್ತು. ಹಾಸಿಗೆ ಗೋಡೆಯ ಎಡಗಡೆ ದೊಡ್ಡವನು ಹೊಸ ಹಾಸಿಗೆಯೊಂದನ್ನು ಮುಷ್ಟಿಯಿಂದ ಗುದ್ದಿ ಸದ್ದು ಕೇಳಿಸಿಕೊಳ್ಳುತ್ತಿದ್ದ. ಬಲಗಡೆ ಚಿಕ್ಕವನು ತನ್ನ ಹಾಸಿಗೆಯ ಮಧ್ಯೆ ಹುಗಿದುಹೋಗಿ ಬರೀ ಮೂಗು ಮತ್ತು ಮೊಣಕಾಲಾಗಿ ಕಾಣಿಸುತ್ತಿದ್ದ. ತಂಗಿ ಗಡಿಯ ಮೇಲೆ ನಿಂತು, ನನಗೊಂದು ಮೇಲ್ ಸಾಲು ಬೇಕು, ಇಬ್ಬರೂ ಸಹಿ ಹಾಕಿ ಎಂದಳು.

"ನಿಂಗ್ಯಾಕೆ ಮೇಲು?" ಎಂದ ದೊಡ್ಡವನು. "ಅವನ ಕಡೆ ಇಲ್ವಾ?"

"ನನ್ ಕಡೆ ಎಲ್ಲಿದೆ? ಅವನ ಕಡೆ ಇದೆ ಅಂದ್ಕೊಂಡಿದ್ದೆ," ಎಂದಿತು ಮೂಗು.

"ಯಾರ ಕಡೆನೂ ಇಲ್ಲ," ಎಂದಳು ತಂಗಿ.

ದೊಡ್ಡವನು ನನ್ನ ಕಡೆ ತಿರುಗಿದ. "ಎಷ್ಟಮ್ಮಾ ಅವಳಿಗೆ?"

"ಸೊನ್ನೆ ಸರ್. ಸಣ್ಣದೇ ಮೊದಲು, ಮತ್ತೆ ಹೇಳ್ತಿದ್ದೀನಿ. ಇನ್ಮೇಲೆ ಅಂಗಡಿಯ ಮೇಲ್ ಎಲ್ಲ ಮೊದಲು ಇವಳಿಗೇ ಬರುತ್ತೆ."

"ಬಿಡಮ್ಮಾ ನಿನ್ನ ಹಳೇ ರಾಗ. ಸೊನ್ನೆಗೆ ಯಾರು ಬರೀತಾರೆ?" ಎಂದು ಪೆನ್ನು ತೆಗೆದವನು ಅಲ್ಲೇ ನಿಂತ. ಅವನ ಮುಖದಲ್ಲಿ ಹಿರಿಯಣ್ಣನೊಬ್ಬ ಎಚ್ಚೆತ್ತದ್ದು ನನಗೆ ಕಾಣಿಸಿತು. "ಅಲ್ಲ, ಮನೆ ಹೆಣ್ಣುಮಗಳಿಗೆ ಸೊನ್ನೆ ಕೊಟ್ಟು ಕಳಿಸ್ತೀವಾ? ಬೀದಿಯೋರು ಏನಂತಾರೆ? ಒಂದು ಸಾವಿರ ಆದ್ರೂ ಹಾಕು."

"ಸಾವಿರ?" ಚಿಕ್ಕವನು ಹಾಸಿಗೆಯಿಂದ ಏಳಲು ಹೊರಟು ಮತ್ತೆ ಮುಳುಗಿದ. "ಜಿಪುಣ ಅಂತ ಹೇಳು ನಿನ್ನ ಅಣ್ಣನಿಗೆ. ನಾನು ಹತ್ತು ಸಾವಿರ ಕೊಡ್ತೀನಿ."

"ಇಪ್ಪತ್ತು ಅಂತ ಹೇಳು ಅವನಿಗೆ!"

"ನಲವತ್ತು!"

"ಐವತ್ತು ಅಂತ ಹೇಳು!"

ಹತ್ತೂ ಮೂವತ್ತೈದು. ಅವರು ಅರವತ್ತೈದು ಸಾವಿರದ ಐನೂರ ಮೂವತ್ತೈದು ಮುಟ್ಟದಿದ್ದರೆ ಸರಿ, ಮುಟ್ಟಿಬಿಟ್ಟರೆ ಮೂವರೂ ಸಮ. ಆಮೇಲೆ ಹಡಗಿನ ಮೇಲ್ ಯಾವ ಬಾಗಿಲಿಗೆ ಹೋಗುತ್ತದೋ ದೇವರೇ ಬಲ್ಲ. ಪ್ರೀತಿಯಿಂದ ಕೆಲಸ ಕೆಡುವುದನ್ನು ನಾನು ಅಷ್ಟು ಹತ್ತಿರದಿಂದ ಅದುವರೆಗೆ ನೋಡಿರಲಿಲ್ಲ.

"ಅರವತ್ತು!" ಎಂದ ಚಿಕ್ಕವನು ಎದ್ದು ನಿಂತು. "ಅಪ್ಪ ಇದ್ದಿದ್ರೆ ಅವಳಿಗೂ ನಮ್ಮಷ್ಟೇ ಕೊಡ್ತಿದ್ರು. ಪೂರ್ತಿ ಹಾಕಿ ಮೇಡಂ."

"ಅದನ್ನೇ ನಾನೂ ಹೇಳೋಕೆ ಹೊರಟಿದ್ದೆ ಅಂತ ಹೇಳು ಅವನಿಗೆ," ಎಂದ ದೊಡ್ಡವನು.

"ಸೊನ್ನೆ!" ಎಂದು ತಂಗಿ ಕಿರುಚಿದಳು. ಸೂರಿನ ಹತ್ತಿರದ ಹಾಸಿಗೆಯೊಂದು ಜಾರಿ ದೊಪ್ಪನೆ ಕೆಳಗೆ ಬಿತ್ತು. "ನಂಗೆ ಸೊನ್ನೆ ಬೇಕು. ಸೊನ್ನೆ ಮಾತ್ರ ಬೇಕು. ಹನ್ನೊಂದು ಗಂಟೆಗೆ ಹಡಗಿನೋರ ಮೇಲ್ ಬರುತ್ತೆ. ನಾನು ಹಡಗಿಗೆ ಹೋಗ್ತಿದ್ದೀನಿ."

ಹಾಸಿಗೆ ಬಿದ್ದ ಕಡೆ ಗೋಡೆಯಲ್ಲಿ ಕಿಂಡಿಯಾಗಿತ್ತು. ಅದರ ಮೂಲಕ ಅಣ್ಣತಮ್ಮಂದಿರು ಮೂರು ತಿಂಗಳ ಮೇಲೆ ಮೊದಲ ಸಲ ಒಬ್ಬರ ಮುಖ ಒಬ್ಬರು ನೋಡಿದರು.

"ಹಡಗು ಅಂದ್ರೆ ನೀರಿನ ಮೇಲೆ ಹೋಗುತ್ತಲ್ಲ, ಅದಾ?" ಎಂದ ದೊಡ್ಡವನು.

"ಅದೇ."

"ಅಲ್ಲಿ ಹಾಸಿಗೆ ಹೇಗಿರುತ್ತೆ?" ಎಂದ ಚಿಕ್ಕವನು ತಡೆಯಲಾರದೆ. "ಮೆತ್ತಗಿರುತ್ತಾ?"

"ಅಲ್ಲಾಡ್ತಿರುತ್ತೆ."

ಈ ಉತ್ತರಕ್ಕೆ ಇಬ್ಬರಲ್ಲೂ ವಾದವಿರಲಿಲ್ಲ. ದೊಡ್ಡವನು ಮೂಗು ಒರೆಸಿಕೊಂಡ. ಹೊಲಿಗೆ ಯಾರು ನೋಡ್ಕೋತಾರೆ ಎಂದು ಕೇಳಲು ಬಾಯಿ ತೆರೆದು, ಕೇಳದೆ, ಚೀಟಿಯನ್ನು ಮೊಣಕಾಲ ಮೇಲಿಟ್ಟು ಸಹಿ ಹಾಕಿದ. ಹಾಕಿ, ಕಿಂಡಿಯ ಮೂಲಕ ಆಚೆ ಚಾಚಿದ. "ತಗೊಳೋ," ಎಂದ. ಅದನ್ನು ಯಾರ ಕೈಯಲ್ಲೂ ಹೇಳಿ ಕಳಿಸಲಿಲ್ಲ.

ಹತ್ತೂ ಐವತ್ತೆರಡಕ್ಕೆ ಮೂರನೇ ಸಾಲು ಸೇರಿತು. ಜಗತ್ತು ಹಳೆಯ ಸಾಲುಗಳನ್ನು ಮರೆಯಲು ಐದು ನಿಮಿಷ. ನನ್ನ ಕೋಣೆಯಲ್ಲಿರುವುದು ಎರಡೇ ಕುರ್ಚಿ. ತಂಗಿ ಒಂದರಲ್ಲಿ, ನಾನೊಂದರಲ್ಲಿ. ಅಣ್ಣಂದಿರೂ ಬಂದಿದ್ದರು. ಮೆಟ್ಟಿಲು ಒಬ್ಬರಿಗಷ್ಟೇ ಸಾಲುವಷ್ಟು ಅಗಲ, ಒಬ್ಬರ ಹಿಂದೆ ಒಬ್ಬರು ಬರಲು ಇಬ್ಬರೂ ಒಪ್ಪದೆ ಓರೆಯಾಗಿ ಎದೆಗೆ ಎದೆ ಉಜ್ಜುತ್ತ ಹತ್ತಿದ್ದರು. ಚಿಕ್ಕವನ ಅಂಗಿಯ ಗುಂಡಿಯೊಂದು ಕಿತ್ತು ಕೆಳಗೆ ಉರುಳಿದ್ದು ಕೇಳಿಸಿತು.

ಹನ್ನೊಂದು. ಹನ್ನೊಂದೂ ಎರಡು. ಮೊದಲ ಮೇಲ್ ಬಂತು. 'ನಿಮ್ಮಲ್ಲಿ ಗಟ್ಟಿಯೂ ಅಲ್ಲದ ಮೆತ್ತಗೂ ಅಲ್ಲದ ಹಾಸಿಗೆ ಸಿಗುತ್ತದೆಯೇ?' ಎಂದು ಯಾರೋ ಗಿರಾಕಿ ಕೇಳಿದ್ದ. ಮೂವರೂ ಅವನನ್ನು ಒಟ್ಟಿಗೆ ಬೈದರು.

ಹನ್ನೊಂದೂ ಏಳಕ್ಕೆ ಹಡಗಿನ ಮೇಲ್ ಬಂತು.

"ಇದ್ದೀನಿ!" ಎಂದಳು ತಂಗಿ. "ನೋಡೇ, ಇದ್ದೀನಿ!"

ಕೆಲಸ ಸಿಕ್ಕಿತ್ತು. ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸಿ ಹನ್ನೆರಡರೊಳಗೆ ಕಳಿಸಬೇಕು ಎಂದಿತ್ತು. ಎತ್ತರ, ತೂಕ, ಈಜು ಬರುತ್ತದೆಯೇ, ಹೊಲಿಯುವಾಗ ಹಾಡುತ್ತೀರಾ. ಎಲ್ಲಕ್ಕೂ ಸರಸರನೆ ಉತ್ತರ ತುಂಬಿದಳು. ಕೊನೆಯದಕ್ಕೆ ಬಂದು ಕೈ ನಿಂತಿತು. 'ಹಡಗಿನಲ್ಲಿ ನಿಮಗೆ ಏನಾದರೂ ಆದರೆ ಮನೆಯವರಲ್ಲಿ ಯಾರಿಗೆ ತಿಳಿಸಬೇಕು? ಒಬ್ಬರ ಹೆಸರು ಮಾತ್ರ.'

"ನಂದು ಹಾಕು," ಎಂದ ದೊಡ್ಡವನು. "ನಾನು ಹಿರಿಯ."

"ನಂದು ಹಾಕು. ಹಿರಿಯರಿಗೆ ಕೆಟ್ಟ ಸುದ್ದಿ ಹೇಳಬಾರದು."

"ಕೆಟ್ಟ ಸುದ್ದಿ ಯಾಕೋ ಬರುತ್ತೆ? ನಾಲಿಗೆ ಹಿಡ್ಕೊಂಡು ಮಾತಾಡು!"

"ಅಲ್ಲಿ ಹಾಗೇ ಬರ್ದಿದೆಯಲ್ಲೋ, 'ಏನಾದರೂ ಆದರೆ' ಅಂತ!"

ಇಬ್ಬರೂ ಪರದೆಗೆ ಬಗ್ಗಿ ಆ ಸಾಲನ್ನು ಮತ್ತೊಮ್ಮೆ ಓದಿದರು. ಓದಿದಂತೆ ಇಬ್ಬರ ಮುಖವೂ ಒಟ್ಟಿಗೆ ಇಳಿಯಿತು. ಆ ಫೋನನ್ನು ಎತ್ತಬೇಕಾದವನು ತಾನು ಎಂಬುದು ಅವರಿಗೆ ಆಗ ಹೊಳೆದಿರಬೇಕು.

"ಅವನದ್ದೇ ಹಾಕು," ಎಂದ ದೊಡ್ಡವನು ಮೆಲ್ಲಗೆ. "ನಂಗೆ ಎದೆ ಗಟ್ಟಿ ಇಲ್ಲ."

"ನಿಂಗಾ? ಹಲಗೆ ಮೇಲೆ ಮಲಗೋನಿಗೆ?"

"ಹಾಸಿಗೆ ಬೇರೆ, ಎದೆ ಬೇರೆ ಕಣೋ."

"ನಂದು ಬೇಡ. ಫೋನ್ ಬಡ್ಕೊಂಡ್ರೂ ನಾನು ಏಳಲ್ಲ, ಅಷ್ಟು ಚೆನ್ನಾಗಿ ನಿದ್ದೆ ಬರುತ್ತೆ ನನ್ನ ಹಾಸಿಗೆಯಲ್ಲಿ. ಇವನದ್ದು ಹಾಕು, ಇವನು ರಾತ್ರಿಯೆಲ್ಲ ಎಚ್ಚರವಾಗೇ ಇರ್ತಾನೆ."

"ಯಾರೋ ಎಚ್ಚರ ಇರೋದು? ನನ್ನ ಹಾಸಿಗೆಯಲ್ಲಿ ಮಲಗಿದೋನು ಮಗುಚಿ ಕೂಡ ಮಲಗಲ್ಲ!"

ಹನ್ನೊಂದೂ ಐವತ್ತು. ಒಬ್ಬೊಬ್ಬರೂ ಇನ್ನೊಬ್ಬನನ್ನು ಹೊಗಳಿ ಮುಂದೆ ತಳ್ಳುತ್ತಿದ್ದರು, ತನ್ನ ಹಾಸಿಗೆಯನ್ನು ಮಾತ್ರ ಬಿಟ್ಟುಕೊಡುತ್ತಿರಲಿಲ್ಲ. ನಾನು ಗಡಿಯಾರ ತೋರಿಸಿದೆ. ಯಾರೂ ನೋಡಲಿಲ್ಲ. ಹನ್ನೊಂದೂ ಐವತ್ತನಾಲ್ಕಕ್ಕೆ ತಂಗಿ ಎದ್ದು ಇಬ್ಬರ ಬೆನ್ನಿಗೂ ಕೈ ಹಚ್ಚಿ, ಮೂಟೆ ನೂಕುವ ಹಾಗೆ ಮೆಟ್ಟಿಲಿಗೆ ನೂಕಿ, ಬಾಗಿಲು ಹಾಕಿದಳು.

"ನೀನೂ ನೋಡ್ಬೇಡ," ಎಂದಳು.

ನಾನು ಕಿಟಕಿಯ ಕಡೆ ತಿರುಗಿದೆ. ಕೀಲಿಗಳ ಸದ್ದು ಕೇಳಿಸಿತು. ಒಮ್ಮೆ ನಿಂತಿತು, ಬರೆದದ್ದನ್ನು ಅಳಿಸುತ್ತಿರುವ ಹಾಗೆ ಟಕಟಕವೆಂದಿತು, ಮತ್ತೆ ಮುಂದುವರಿಯಿತು. ಹನ್ನೊಂದೂ ಐವತ್ತೆಂಟಕ್ಕೆ ಮೇಲ್ ಹೋಯಿತು. ಹನ್ನೆರಡೂ ಮೂರಕ್ಕೆ ಉತ್ತರ: 'ಸೋಮವಾರ ಬೆಳಿಗ್ಗೆ ಬನ್ನಿ. ದಾರ ನಾವೇ ಕೊಡುತ್ತೇವೆ.'

ಬಾಗಿಲು ತೆಗೆದಾಗ ಅಣ್ಣಂದಿರು ಒಂದೇ ಮೆಟ್ಟಿಲ ಮೇಲೆ ಇಕ್ಕಟ್ಟಾಗಿ ಕೂತಿದ್ದರು. ಎದ್ದು ನಿಂತರು.

"ಯಾರದ್ದು ಹಾಕಿದೆ?" ಎಂದ ದೊಡ್ಡವನು.

"ಹೇಳೇ, ಯಾರದ್ದು?" ಎಂದ ಚಿಕ್ಕವನು.

ತಂಗಿ ಅವರ ನಡುವೆ ದಾರಿ ಮಾಡಿಕೊಂಡು ಇಳಿಯುತ್ತ, "ಏನಾದ್ರೂ ಆದ್ರೆ ಗೊತ್ತಾಗುತ್ತೆ," ಎಂದಳು.

ಇಬ್ಬರೂ ಜೇಬಿನಿಂದ ಫೋನ್ ತೆಗೆದು, ಗಂಟೆಯ ಸದ್ದನ್ನು ತುದಿಯವರೆಗೆ ಏರಿಸಿದರು.